ಬುಗ್ಗೆ ತೋಳಿನ ರವಿಕೆ

"ಇನ್ಮೇಲೆ ಮದುವೆ ರವಿಕೆ ನನ್ನ ಮೈ ಮುಟ್ಟಲ್ಲ ಅತ್ತೆ... ಆಣೆಗೂ ಮುಟ್ಟಲ್ಲ!"

ಶ್ರೀರಂಗಪಟ್ಟಣದ ಸಂಗಮದಲ್ಲಿ, ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ರಾಧಾಮಣಿ ಕೊಟ್ಟ ಮಾತು ಅದು. ಆಗ ಅವಳಿಗೆ ಇಪ್ಪತ್ತು ವರ್ಷ. ಮದುವೆಯಾಗಿ ವರ್ಷ ತುಂಬುವ ಮೊದಲೇ ಗಂಡ ಪುಟ್ಟಸ್ವಾಮಿ ಕಾಮಾಲೆಯಲ್ಲಿ ಹೋಗಿಬಿಟ್ಟಿದ್ದ.

ಮಾತು ಕೇಳಿ ಪಡೆದವಳು ಅತ್ತೆ ಪುಟ್ಟಲಕ್ಷ್ಮಮ್ಮ. ಇದ್ದೊಬ್ಬ ಮಗನ ಅಸ್ಥಿಯನ್ನು ನೀರಿಗೆ ಬಿಟ್ಟ ಕೈಯಲ್ಲೇ ಸೊಸೆಯ ಕೈ ಹಿಡಿದು, "ನನ್ ಮಗನ್ನ ಮರ್ತು ಇನ್ನೊಬ್ಬನ ಮನೆ ತುಂಬಕಿಲ್ಲ ಅಂತ ಯೋಳು" ಎಂದು ಅತ್ತಿದ್ದಳು. ಆ ಅಳುವಿನ ಮುಂದೆ ಇಲ್ಲ ಎನ್ನಲು ಯಾರಿಗೆ ತಾನೇ ಆದೀತು?

ರಾಧಾಮಣಿ ತವರು ಪಾಂಡವಪುರಕ್ಕೆ ಮರಳಲಿಲ್ಲ. ಅಪ್ಪನ ಅಕ್ಕಸಾಲೆ ಕುಲುಮೆಯ ಪಕ್ಕ ಆಡಿ ಬೆಳೆದವಳಿಗೆ ಸಣ್ಣ ಕೆಲಸದ ತಾಳ್ಮೆ ಹುಟ್ಟಿನಿಂದಲೇ ಬಂದಿತ್ತು. ಹೊಲಿಗೆ ಕಲಿತಳು. ಅತ್ತೆಯ ಮನೆಯ ಪಡಸಾಲೆಯಲ್ಲೇ ಮಿಷನ್ ಹಾಕಿಕೊಂಡಳು. ಊರಿನ ಮದುವೆ ರವಿಕೆಗಳನ್ನೆಲ್ಲ ಹೊಲಿದಳು. ತಾನು ಮಾತ್ರ ಬೂದು, ಕಂದು, ಮಾಸಲು ಹಸಿರು ಬಿಟ್ಟು ಬೇರೆ ಬಣ್ಣ ತೊಡಲಿಲ್ಲ.

ವರ್ಷಗಳು ಕಳೆದಂತೆ ಅತ್ತೆ ಸೊಸೆ ಎನ್ನುವುದು ಮರೆತೇ ಹೋಗಿ, ಒಬ್ಬರನ್ನೊಬ್ಬರು ಬೈದುಕೊಂಡು ನಗುವ ಇಬ್ಬರು ಹೆಂಗಸರಷ್ಟೇ ಆ ಮನೆಯಲ್ಲಿ ಉಳಿದಿದ್ದರು.

ಆದರೆ ಮಾತು ಮಾತೇ ಅಲ್ಲವೇ...

*

ಸಾವಿರದ ಒಂಬೈನೂರ ತೊಂಬತ್ತಮೂರರ ಬೇಸಿಗೆ. ನಡು ಮಧ್ಯಾಹ್ನ.

"ಅಯ್ಯೋ! ಮುಟ್ಬೇಡಿ! ಬಿಡಿ ಅದನ್ನ!"

ರಾಧಾಮಣಿಯ ಕೂಗಿಗೆ ಜಗಲಿಯಲ್ಲಿ ನಿಂತಿದ್ದ ಗಂಡಸು ಬೆಚ್ಚಿಬಿದ್ದ. ಅವನ ಒಂದು ಕೈಯಲ್ಲಿ ಲೋಟ. ಇನ್ನೊಂದು ಕೈಯಲ್ಲಿ, ಗಂಜಿ ಹಾಕಿ ಒಣಗಲು ಬಿಂದಿಗೆಯ ಮೇಲೆ ಕೂರಿಸಿದ್ದ ಬಿಳಿ ಬಟ್ಟೆಯ ಟೋಪಿ!

"ನೀರು ಕುಡಿಯಾನ ಅಂತ..." ಎಂದ ಅವನು ತೊದಲುತ್ತಾ. "ಬಿಂದಿಗೆ ಮೇಲೆ ಬಟ್ಟೆ ಮುಚ್ಚವ್ರೆ ಅಂದ್ಕಂಡೆ."

"ಬಟ್ಟೆನಾ? ಅದು ದೊರೆಸಾನಿ ಟೋಪಿ! ಬೆಳಗ್ಗೆಯಿಂದ ಅದರ ಅಂಚು ನಿಲ್ಲಿಸೋಕೆ ಒದ್ದಾಡ್ತಿದ್ದೀನಿ. ನೋಡಿ, ನಿಮ್ಮ ಹೆಬ್ಬೆಟ್ಟು ಹೆಂಗೆ ಮೂಡಿದೆ!"

ಅವನು ಟೋಪಿಯನ್ನು ನೋಡಿದ. ಬಿಂದಿಗೆಯನ್ನು ನೋಡಿದ. ಕೋಪದಿಂದ ಕೆಂಪಾಗಿದ್ದ ಅವಳ ಮುಖವನ್ನು ನೋಡಿದ.

"ತಪ್ಪಾಯ್ತು ಕಣ್ರೀ... ಆದ್ರೆ ಬಿಂದಿಗೆಗೆ ಟೋಪಿ ಹಾಕೋದು ನಮ್ ನಾಗಮಂಗಲದ ಕಡೆ ಇಲ್ಲ."

ಒಳಗಿನಿಂದ ಅತ್ತೆ ಪಕಪಕನೆ ನಕ್ಕಿದ್ದು ಕೇಳಿಸಿತು. ರಾಧಾಮಣಿ ನಗು ತಡೆದುಕೊಂಡು ಮುಖ ಇನ್ನಷ್ಟು ಗಂಟಿಕ್ಕಿದಳು.

ಅವನ ಹೆಸರು ಚಲುವರಾಜು. ಮರಗೆಲಸದವನು. ಊರಿನ ಮಹಿಳಾ ಸಮಾಜದವರು ಹಳೇ ಕಾಲದ ಹೆಣ್ಣುಮಕ್ಕಳ ಉಡುಗೆಗಳ ಪ್ರದರ್ಶನ ಇಡಲು ಹೊರಟಿದ್ದರು. ಮನೆಮನೆಯ ಪೆಟ್ಟಿಗೆಗಳಲ್ಲಿದ್ದ ರವಿಕೆ, ಕುಪ್ಪಸ, ಲಂಗ, ಮಕ್ಕಳ ಕುಲಾವಿ ಎಲ್ಲ ಬೇಕಾಗಿತ್ತು. ಕೊಟ್ಟವರು ಮಾತ್ರ, "ನಾಲ್ಕು ದಿನ ಇಟ್ಕೊಂಡು ವಾಪಸ್ ಕೊಡಿ" ಎನ್ನುತ್ತಿದ್ದರು. ಹಾಗಾಗಿ ಅಸಲು ಬಟ್ಟೆ ನೋಡಿ ಅದರಂತೆಯೇ ಹೊಸದು ಹೊಲಿಯುವ ಕೆಲಸ ರಾಧಾಮಣಿಗೆ, ಗಾಜಿನ ಪೆಟ್ಟಿಗೆಗಳ ಕೆಲಸ ಚಲುವರಾಜುವಿಗೆ ಬಂದಿತ್ತು. ಪೆಟ್ಟಿಗೆಗೆ ಬಟ್ಟೆಗಳ ಉದ್ದಗಲ ಕೇಳಲೆಂದೇ ಅವನು ಅವತ್ತು ಬಂದಿದ್ದು.

ಆ ಟೋಪಿಯ ಅಸಲು ಗಂಜಾಮಿನ ಒಂದು ಮನೆಯದು. ಆ ಮನೆಯ ಹಿರಿಯರೊಬ್ಬರು ದೊರೆಗಳ ಬಂಗಲೆಯಲ್ಲಿ ಅಡುಗೆಗಿದ್ದರಂತೆ. ಮುಂದೆ ಮೊರದ ಹಾಗೆ ಚಾಚಿದ ಅಂಚು, ಹಿಂದೆ ಕುತ್ತಿಗೆ ಮುಚ್ಚುವ ಮಡಿಕೆ, ಗದ್ದದ ಕೆಳಗೆ ಕಟ್ಟಲು ಎರಡು ಪಟ್ಟಿ.

"ನಮ್ ಕೂಸುಗಳ ಕುಲಾವಿ ಇದ್ದಂಗೇ ಐತಲ್ಲವ್ವ!" ಎಂದು ಅತ್ತೆ ಹೊರಗೆ ಬಂದಳು. "ಅಷ್ಟ್ ದೊಡ್ಡ ಹೆಂಗಸು ಕುಲಾವಿ ಕಟ್ಕಂಡು ಓಡಾಡ್ತಿದ್ಲಾ?"

"ನಿಂಗೂ ಒಂದು ಹೊಲ್ಕೊಡ್ತೀನಿ ಬಿಡು ಅತ್ತೆ."

ಚಲುವರಾಜು ಗಟ್ಟಿಯಾಗಿ ನಕ್ಕ. ಆಮೇಲೆ ಮೆಲ್ಲಗೆ ಹೇಳಿದ. "ಬಿಂದಿಗೆ ದುಂಡಗಾಯ್ತು ಕಣ್ರೀ. ತಲೆ ಹಂಗಿರಕಿಲ್ಲ. ನಾನು ಒಂದು ಮರದ ತಲೆ ಮಾಡ್ಕೊಟ್ರೆ... ಈ ಹೆಬ್ಬೆಟ್ಟಿಗೆ ಮಾಫಿ ಸಿಕ್ಕಾದಾ?"

ರಾಧಾಮಣಿ ಅವನ ಕೈಯಿಂದ ಟೋಪಿಯನ್ನೂ ಲೋಟವನ್ನೂ ತೆಗೆದುಕೊಂಡಳು. ನೀರು ತುಂಬಿದ ಲೋಟ ಅವನ ಮುಂದಿಟ್ಟು ಒಳಗೆ ಹೋದಳು.

'ಏನು ಧೈರ್ಯ ಇವನಿಗೆ! ಬಂದ ಮೊದಲ ದಿನವೇ...' ಎಂದುಕೊಂಡಳು. ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತಿದೆ ಎಂದು ಮಾತ್ರ ತಿಳಿಯಲಿಲ್ಲ.

*

ಮರದ ತಲೆ ಬಂತು. ಟೋಪಿ ಅದರ ಮೇಲೆ ದೊರೆಸಾನಿಯ ಹಾಗೆಯೇ ಜಂಬದಿಂದ ಕೂತಿತು.

ಅದಾದ ಮೇಲೆ ಚಲುವರಾಜುವಿಗೆ ದಿನಕ್ಕೊಂದು ನೆಪ. ಒಂದು ದಿನ ಪೆಟ್ಟಿಗೆಯ ಅಗಲ ಕೇಳಲು, ಇನ್ನೊಂದು ದಿನ ಮಿಷನ್ನಿನ ಅಲುಗಾಡುವ ಹಲಗೆ ಸರಿಮಾಡಲು. ಅತ್ತೆಯಂತೂ, "ಬಾರ್ಲಾ ಚಲ್ವ, ಉಂಡ್ಕಂಡು ಓಗು" ಎಂದು ಮಗನಂತೆ ಕರೆಯತೊಡಗಿದಳು.

ಅವನಿಗೆ ಮೂವತ್ತನಾಲ್ಕು. ತಂಗಿಯರಿಬ್ಬರ ಮದುವೆ ಮುಗಿಸುವಷ್ಟರಲ್ಲಿ ತನ್ನ ಮದುವೆಯ ಮಾತೇ ಮರೆತವನು.

ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದಲ್ಲಿ ಮಂಚಮ್ಮ ಎನ್ನುವ ಅಜ್ಜಿಯ ಮನೆಯಲ್ಲಿ ಹಳೇ ಮದುವೆ ರವಿಕೆ ಇದೆ ಎಂದು ತಿಳಿದಾಗ, ರಾಧಾಮಣಿಯೂ ಚಲುವರಾಜುವೂ ಒಟ್ಟಿಗೇ ಹೋಗಬೇಕಾಯಿತು. ಜೊತೆಗೆ ಅತ್ತೆ ಇದ್ದಳು. ಆದರೆ ಅತ್ತೆ ಬಸ್ಸು ಹತ್ತಿದ್ದೇ ತಡ, ಕಿಟಕಿಗೆ ತಲೆ ಒರಗಿಸಿ ಗೊರಕೆ!

ಮಂಚಮ್ಮ ಪೆಟ್ಟಿಗೆಯಿಂದ ರವಿಕೆ ತೆಗೆದು ಮಡಿಲಲ್ಲಿ ಹರಡಿದಾಗ ರಾಧಾಮಣಿ ಹತ್ತಿರ ಸರಿದು ಕೂತಳು.

ಕುಂಕುಮ ಬಣ್ಣ. ಮೊಣಕೈವರೆಗೆ ಇಳಿದ ತೋಳು. ಭುಜದ ಹತ್ತಿರ ಉಬ್ಬಿ ನಿಂತ ಬುಗ್ಗೆ. ಅಂಚಿಗೆ ಕೈಯಿಂದ ಹಾಕಿದ ಕಸೂತಿ ಪಟ್ಟಿ.

"ನೋಡವ್ವ, ಕೊಡ್ತೀನಿ. ಆದ್ರೆ ಒಂದ್ ಹೊಲಿಗೆ ಬಿಚ್ಚಂಗಿಲ್ಲ" ಎಂದಳು ಮಂಚಮ್ಮ. "ನಮ್ಮವ್ವ ತನ್ನ ಕೈಯಾರೆ ಹೊಲ್ದಿದ್ದು. ಬಿಚ್ಚಿದ್ರೆ ಅವಳ ಕೈ ಬಿಚ್ಚಿದಂಗೆ."

"ಬಿಚ್ಚಲ್ಲ ಅಜ್ಜಿ. ಕಾಗದದ ಮೇಲೆ ಹಾಸಿ, ಹೊಲಿಗೆಯ ಉದ್ದಕ್ಕೂ ಗುಂಡುಸೂಜಿ ಚುಚ್ಚಿ ಗುರುತು ಮಾಡ್ಕೋತೀನಿ. ನಿಮ್ಮವ್ವನ ಕೈಗೆ ನೋವಾಗದಂಗೆ."

ಅಜ್ಜಿ ಅವಳ ಕೆನ್ನೆ ಸವರಿದಳು. ಚಲುವರಾಜು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಅವನ ಕಣ್ಣಲ್ಲಿ ಏನೋ ಇತ್ತು... ರಾಧಾಮಣಿ ಬೇಗ ತಲೆ ಬಗ್ಗಿಸಿದಳು.

ಬಸ್ಸಿನಲ್ಲಿ ವಾಪಸು ಬರುವಾಗ ಅವನು ಕೇಳಿದ. "ಅಷ್ಟ್ ಚೆಂದದ ರವಿಕೆ... ನಿಮ್ಗೂ ಒಂದು ಹೊಲ್ಕೋಬಾರ್ದಾ?"

ರಾಧಾಮಣಿ ಕಿಟಕಿಯ ಹೊರಗೆ ನೋಡಿದಳು. ಕಬ್ಬಿನ ಗದ್ದೆಗಳು ಹಿಂದೆ ಓಡುತ್ತಿದ್ದವು.

"ನಾನು ಹಾಕೋ ಹಂಗಿಲ್ಲ."

"ಯಾಕೆ?"

ಗೊರಕೆ ಹೊಡೆಯುತ್ತಿದ್ದ ಅತ್ತೆಯ ಕಡೆ ಒಮ್ಮೆ ನೋಡಿ, ಪಿಸುದನಿಯಲ್ಲಿ ಸಂಗಮದ ಮಾತನ್ನು ಅವನಿಗೆ ಹೇಳಿದಳು. ಯಾರಿಗೂ ಹೇಳದಿದ್ದುದನ್ನು ಇವನಿಗೇಕೆ ಹೇಳಿದೆ? ಅವಳಿಗೇ ಗೊತ್ತಿರಲಿಲ್ಲ.

ಅವನು ಕೈಯಲ್ಲಿದ್ದ ಟಿಕೆಟ್ಟನ್ನು ಸಣ್ಣಗೆ ಮಡಿಸಿದ. ಆಮೇಲೆ, "ಸರಿ ಬುಡಿ" ಎಂದ. ಅಷ್ಟೇ.

ಅವಳು ಗಮನಿಸದ ಒಂದು ಸಂಗತಿಯೆಂದರೆ... ಅತ್ತೆಯ ಗೊರಕೆ ಆಗಲೇ ನಿಂತುಹೋಗಿತ್ತು.

*

ಕಾಗದದ ಅಳತೆ ಸರಿಯಾಗಿ ಬಂತು. ಬುಗ್ಗೆ ಮಾತ್ರ ಬಗ್ಗಲಿಲ್ಲ. ಮೈಗೆ ತೊಡಿಸಿ ನೋಡದೆ ಬುಗ್ಗೆಯ ನೆರಿಗೆ ಸರಿಯಾಗಿ ನಿಲ್ಲುವುದಿಲ್ಲ. ಅತ್ತೆ ತೊಡಲು ಹೋದರೆ ಒಂದು ತೋಳೂ ಏರದು.

"ನೀನೇ ಒಂದ್ಸಲ ಹಾಕ್ಕಂಡು ನೋಡು. ಒಂದ್ ಗಳಿಗೆ" ಎಂದಳು ಅತ್ತೆ, ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ.

"ಬೇಡ ಅತ್ತೆ."

"ಬರೀ ಅಳತೆಗೆ ಕಣವ್ವ..."

"ಬೇಡ ಅಂದ್ನಲ್ಲ. ಕೊಟ್ಟ ಮಾತು."

ಅತ್ತೆ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ವಿಷಯ ತಿಳಿದ ಚಲುವರಾಜು, "ತಲೆ ಮಾಡಿದ್ದಾಯ್ತು, ಮೈ ಮಾಡಕ್ಕೇನು ಕಷ್ಟ? ಹಾಲೆ ಮರ ಹಗುರ, ನುಣುಪು. ಒಂದು ಮರದ ಮೈ ಮಾಡ್ಕೊಡ್ತೀನಿ, ಅದಕ್ಕೆ ತೊಡಿಸಿ ನೋಡಿ" ಎಂದ. ಅವತ್ತು ಹೋಗುವ ಮುಂಚೆ ಅತ್ತೆಯೂ ಅವನೂ ಹಿತ್ತಲಲ್ಲಿ ನಿಂತು ಏನೋ ಮಾತಾಡಿದರು.

ಅದೇ ಸಂಜೆ ಹಗ್ಗದ ಮೇಲೆ ಒಣಹಾಕಿದ್ದ ರಾಧಾಮಣಿಯ ಬೂದು ರವಿಕೆ ಕಾಣೆ!

"ಮಂಗ ಎತ್ಕಂಡು ಓಯ್ತು ಕಣವ್ವ" ಎಂದಳು ಅತ್ತೆ. "ಆಂಜನೇಯಂಗೂ ರವಿಕೆ ಆಸೆ!"

*

ಮರದ ಮೈ ನಾಗಮಂಗಲದಿಂದ ಪಾಂಡವಪುರದ ಮೇಲೆ ಬಸ್ಸಿನಲ್ಲಿ ಬಂತು. ಹಳೇ ಬೆಡ್‌ಶೀಟು ಹೊದ್ದುಕೊಂಡು, ಚಲುವರಾಜುವಿನ ಪಕ್ಕದ ಸೀಟಿನಲ್ಲಿ ಕೂತು!

"ಕಂಡಕ್ಟ್ರು ಕೇಳ್ತಾನೆ, 'ಇದ್ಕೆ ಆಫ್ ಟಿಕೆಟ್ಟೋ ಫುಲ್ ಟಿಕೆಟ್ಟೋ?' ಅಂತ. ಕೈ ಕಾಲು ತಲೆ ಯಾವ್ದೂ ಇಲ್ಲ ಸಾಮಿ, ಬುಟ್ಬುಡಿ ಅಂದೆ!"

ರಾಧಾಮಣಿ ಬಾಯಿ ಮುಚ್ಚಿಕೊಂಡು ನಕ್ಕಳು. ಅತ್ತೆ ಅರಕೆರೆಗೆ, ತಂಗಿಯ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದಳು. ಪಕ್ಕದ ಮನೆಯ ಮಾಯಮ್ಮ ಸೀರೆಗೆ ಫಾಲ್ ಹಾಕಿಸಲು ಬಂದು ಕೂತಿದ್ದಳು.

ಬೆಡ್‌ಶೀಟು ತೆಗೆದರು. ಕುತ್ತಿಗೆಯಿಂದ ಸೊಂಟದವರೆಗೆ, ಬೆಣ್ಣೆಯ ಹಾಗೆ ಉಜ್ಜಿದ ಮರ. ಅರ್ಧ ಹೊಲಿದಿದ್ದ ಕುಂಕುಮ ಬಣ್ಣದ ರವಿಕೆಯನ್ನು ರಾಧಾಮಣಿ ಅದಕ್ಕೆ ತೊಡಿಸಿದಳು. ಬುಗ್ಗೆಗಳು ಉಸಿರು ತುಂಬಿಕೊಂಡಂತೆ ಎದ್ದು ನಿಂತವು.

"ಅಬ್ಬಾ!" ಎಂದಳು ಸಂತೋಷದಿಂದ. ಭುಜದ ಹೊಲಿಗೆ ಸರಿಪಡಿಸಲು ಕೈ ಇಟ್ಟವಳು ಅಲ್ಲೇ ನಿಂತಳು.

ಎಡ ಭುಜ... ಬಲ ಭುಜಕ್ಕಿಂತ ಒಂದು ಚೂರು ಕೆಳಗಿದೆ.

ಅದು ಮರದ ದೋಷವಲ್ಲ. ಅದು ಅವಳದೇ ಭುಜ! ತನ್ನ ರವಿಕೆ ಹೊಲಿದುಕೊಳ್ಳುವಾಗಲೆಲ್ಲ ಎಡಭುಜದ ಹೊಲಿಗೆಯನ್ನು ಅಷ್ಟು ಓರೆಯಾಗಿ ಇಳಿಸುತ್ತಿದ್ದಳು. ಹೊರಗಿನವರಿಗೆ ಗೊತ್ತಾಗುವಂಥದ್ದೇ ಅಲ್ಲ.

ಟೇಪು ಹಿಡಿದಳು. ಕತ್ತಿನ ಸುತ್ತು, ಬೆನ್ನಿನ ಅಗಲ, ಎದೆ, ಸೊಂಟ... ಎಲ್ಲ ಅವಳದೇ.

"ಅಯ್! ಇದು ನೀನೇ ಅಲ್ವೇನೇ ರಾಧಿ?" ಎಂದು ಮಾಯಮ್ಮ ಕಣ್ಣರಳಿಸಿದಳು. "ನಿಂತಿರೋ ನಿಲುವು ಕೂಡ ನಿಂದೇ! ಏನ್ ಆಚಾರ್ರೆ, ಎಲ್ಲಿ ಕೂತ್ಕಂಡು ಅಳತೆ ತಗಂಡ್ರಿ? ಹ್ಹಿಹ್ಹಿಹ್ಹಿ..."

ರಾಧಾಮಣಿಯ ಕಿವಿಗಳು ಬಿಸಿಯಾದವು.

'ಇಷ್ಟು ದಿನ ಈ ಮನೆಯಲ್ಲಿ ಕೂತು ಇವನು ನನ್ನ ಮೈಯನ್ನು ಕಣ್ಣಲ್ಲೇ ಅಳೆಯುತ್ತಿದ್ದನೇ? ನಾನು ಇವನ ಮುಂದೆ ಮನಸ್ಸು ಬಿಚ್ಚಿ ಮಾತಾಡಿದೆನಲ್ಲ...'

"ಎಲ್ಲಿಂದ ಬಂತು ಈ ಅಳತೆ?" ಅವಳು ಟೇಪನ್ನು ಮಿಷನ್ನಿನ ಮೇಲೆ ಎಸೆದಳು.

ಚಲುವರಾಜು ಬೆಡ್‌ಶೀಟು ಎತ್ತಿಕೊಂಡ. ಮಡಿಸತೊಡಗಿದ.

"ಹೇಳಿ! ನಾಳೆ ಇಡೀ ಊರು ಈ ಮರ ನೋಡಿ ನಗಬೇಕಾ?"

"ನೀವು ಅಂದ್ಕಂಡಂಗಲ್ಲ ರಾಧಾಮಣಿಯವ್ರೆ..."

"ಹಂಗಿದ್ರೆ ಹೆಂಗೆ?"

"ಅದ್ನ ನಾನು ಯೋಳಂಗಿಲ್ಲ."

"ಹೋಗಿ!" ಅವಳು ಬಾಗಿಲು ತೋರಿಸಿದಳು. "ಇನ್ನು ಈ ಹೊಸಿಲು ತುಳೀಬೇಡಿ."

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ. ಮಾಯಮ್ಮನ ನಗು ಅರ್ಧಕ್ಕೇ ನಿಂತಿತ್ತು.

*

ಮಾರನೆಯ ದಿನ ಅತ್ತೆ ಅರಕೆರೆಯಿಂದ ಅಚ್ಚುಬೆಲ್ಲದ ಗಂಟು ಹೊತ್ತು ಬಂದಳು. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ, ಮುಸುಕು ಹೊದ್ದು ನಿಂತಿದ್ದ ಮರದ ಮೈಯನ್ನು ನೋಡಿದಳು. ಊದಿಕೊಂಡಿದ್ದ ಸೊಸೆಯ ಕಣ್ಣುಗಳನ್ನು ನೋಡಿದಳು.

"ಏನಾಯ್ತು ಮಗ?"

ಕೇಳಿದ್ದೇ ತಡ, ರಾಧಾಮಣಿಯ ಅಳು ಒಡೆಯಿತು. ಎಲ್ಲವನ್ನೂ ಹೇಳಿದಳು.

ಅತ್ತೆ ಬೆಲ್ಲದ ಗಂಟನ್ನು ಅಲ್ಲೇ ಇಳಿಸಿ ಅವಳ ಪಕ್ಕ ಕೂತಳು.

"ಅಳತೆ ಕೊಟ್ಟೋಳು ನಾನು ಕಣವ್ವ."

"ಏನು?"

"ನಿನ್ ಬೂದು ರವಿಕೆ... ಮಂಗ ಎತ್ಕಂಡು ಓಗ್ಲಿಲ್ಲ. ನಾನೇ ಅವನ ಕೈಗೆ ಕೊಟ್ಟೆ. 'ಇದ್ರ ಅಳತೆಗೇ ಮಾಡ್ಲಾ, ಅವಳಿಗೆ ಯೋಳ್ಬೇಡ' ಅಂತ ಆಣೆ ಆಕ್ಸಿದ್ದೆ. ಪಾಪ, ಆ ಬಡ್ಡೈದ ಬೈಸ್ಕಂಡೂ ಬಾಯಿ ಬುಡ್ಲಿಲ್ವಲ್ಲ!"

ರಾಧಾಮಣಿ ಮೂಲೆಯಲ್ಲಿದ್ದ ಮರದ ಮೈಯತ್ತ ತಿರುಗಿ ನೋಡಿದಳು.

"ನೀನಂತೂ ಆ ರವಿಕೆ ಆಕ್ಕಂಡು ನೋಡಕಿಲ್ಲ. ಮರದ ಮೈ ನೆಪದಲ್ಲಾದ್ರೂ ನಿಂಗೆ ಸರಿಯಾಗಂಗೆ ಹೊಲೀತೀಯ ಅಂತ... ಎಂದಾದ್ರೂ ನಿಂಗೆ ಮನಸ್ಸಾದ್ರೆ ಅದು ನಿಂಗೆ ಕೂತ್ಕಳ್ಲಿ ಅಂತ."

"ಯಾಕತ್ತೆ?"

"ಯಾಕೆ ಅಂತೀಯಲ್ಲ ಬೆಪ್ಪಿ! ಅವನು ಬರೋ ದಿನ ಸಾರಿಗೆ ಎರಡೆರಡು ಸಲ ಉಪ್ಪಾಕ್ತೀಯ. ಉಪ್ಪು ತಿಂದು ತಿಂದು ನಂಗೆ ಬೀಪಿ ಬಂದೈತೆ! ಬಸ್ಸಲ್ಲಿ ನೀನು ಅವನಿಗೆ ಯೋಳಿದ್ದೆಲ್ಲ ಕೇಳಿಸ್ಕಂಡೆ ಕಣವ್ವ. ಆ ಮಾತು ನಿನ್ನ ಬಾಯಿಂದ ಬರೋವಾಗ... ನಾನೆಂಥ ಕೆಲ್ಸ ಮಾಡ್ದೆ ಅನ್ನುಸ್ತು."

"ಅದನ್ನ ಬಾಯಲ್ಲೇ ಹೇಳಬಹುದಿತ್ತಲ್ಲ ಅತ್ತೆ..."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮಾತು ಈಸ್ಕಂಡ ಬಾಯಿ. ಅದೇ ಬಾಯಲ್ಲಿ ವಾಪಸ್ ಕೊಡಕ್ಕೆ ನಾಚ್ಕೆ ಆಯ್ತು. ಮಗ ಓದ ಉರೀಲಿ ಕೇಳ್ಬುಟ್ಟೆ. ಹತ್ತೊಂಬತ್ತಕ್ಕೆ ಬಂದ ಹುಡ್ಗಿ, ಇದ್ಕೂ ಒಂದ್ ಬದುಕೈತೆ ಅಂತ ಅವತ್ತು ಕಾಣ್ಲಿಲ್ಲ."

ರಾಧಾಮಣಿ ಅತ್ತೆಯ ಮಡಿಲಲ್ಲಿ ತಲೆ ಇಟ್ಟಳು. ಅಲ್ಲಿಂದಲೇ ಮೆಲ್ಲಗೆ ಕೇಳಿದಳು.

"ನಾನು ಹೋದ್ರೆ... ನೀನು?"

"ನಾನೆಲ್ಲಿಗ್ ಓಗ್ಲಿ? ನಿನ್ ಹಿಂದೇನೇ! ಅದ್ನೂ ಅವತ್ತೇ ಹಿತ್ಲಲ್ಲಿ ಚಲ್ವನ್ನ ಕೇಳಾಗೈತೆ. 'ಕೆಲ್ಸ ಎಲ್ಲ ಪಟ್ಟಣದಲ್ಲೇ ಐತೆ, ನಾನೇ ಇಲ್ಲಿಗ್ ಬಂದ್ಬುಡ್ತೀನಿ ಬುಡವ್ವ' ಅಂದ." ಅತ್ತೆ ಅವಳ ಕೂದಲಲ್ಲಿ ಕೈಯಾಡಿಸಿದಳು. "ಆದ್ರೆ ನಂಗೋಸ್ಕರ ಏನೂ ಮಾಡ್ಬೇಡ ಮಗ. ಒಂದ್ ಸಲ ಮಾಡಿದ್ದು ಸಾಕು. ಆ ರವಿಕೆ ಮುಟ್ಟೋದು ಬುಡೋದು ನಿನ್ನಿಷ್ಟ."

*

ಪ್ರದರ್ಶನದ ದಿನ. ಮಹಿಳಾ ಸಮಾಜದ ಹಾಲಿನ ಬಾಗಿಲಿಗೆ ಮಾವಿನ ತೋರಣ. ಗಾಜಿನ ಪೆಟ್ಟಿಗೆಗಳಲ್ಲಿ ಕುಪ್ಪಸಗಳು, ಲಂಗಗಳು, ಪುಟ್ಟ ಪುಟ್ಟ ಕುಲಾವಿಗಳು. ಮರದ ತಲೆಯ ಮೇಲೆ ದೊರೆಸಾನಿ ಟೋಪಿ.

ಪೆಟ್ಟಿಗೆಗಳ ಬಾಗಿಲು ಕೂರಿಸಲು ಬಂದ ಚಲುವರಾಜು ಕೊನೆಯ ಪೆಟ್ಟಿಗೆಯ ಮುಂದೆ ನಿಂತ. ಮಂಚಮ್ಮನ ಅಸಲು ರವಿಕೆ ಅಲ್ಲಿ ಮಡಿಸಿಟ್ಟಿತ್ತು. ಅದರ ಪಕ್ಕದಲ್ಲಿ ಹಾಲೆ ಮರದ ಮೈ... ಬರಿದಾಗಿ.

'ತೊಡಿಸಲೇ ಇಲ್ಲ. ನಾನು ಮಾಡಿದ್ದು ಅವಳಿಗೆ ಬೇಡವಾಯಿತು' ಎಂದುಕೊಂಡ. ಹೊಡೆಯಬೇಕಿದ್ದ ಮೊಳೆಯನ್ನು ಕಿಸೆಗೆ ಹಾಕಿಕೊಂಡ.

"ಹೊಸ ರವಿಕೆ ಎಲ್ರೀ? ಇನ್ನೇನು ಜನ ಬರ್ತಾರೆ!" ಎಂದು ಕಾರ್ಯದರ್ಶಿ ಮೇಡಂ ಅತ್ತಿಂದಿತ್ತ ಓಡಾಡುತ್ತಿದ್ದರು.

"ಬತ್ತಾ ಐತೆ ಮೇಡಮ್ಮಾರೆ, ನಡ್ಕಂಡೇ ಬತ್ತಾ ಐತೆ!" ಬಾಗಿಲಿನಿಂದ ಪುಟ್ಟಲಕ್ಷ್ಮಮ್ಮನ ದನಿ.

ಚಲುವರಾಜು ತಿರುಗಿ ನೋಡಿದ. ಸುತ್ತಿಗೆ ಕೈಯಲ್ಲೇ ಉಳಿಯಿತು.

ಅತ್ತೆಯ ಹಿಂದೆ ರಾಧಾಮಣಿ. ಬಿಳಿ ಸೀರೆಗೆ ಹಸಿರು ಅಂಚು. ಮೈಮೇಲೆ ಕುಂಕುಮ ಬಣ್ಣದ ಬುಗ್ಗೆ ತೋಳಿನ ರವಿಕೆ!

ಹಾಲಿನಲ್ಲಿದ್ದ ಹೆಂಗಸರೆಲ್ಲ ಅವಳತ್ತ ತಿರುಗಿದರು. ಮಾಯಮ್ಮನಂತೂ, "ಅವ್ವಯ್ಯಾ! ಎಷ್ಟ್ ಚೆಂದಾಗ್ ಕಾಣ್ತಾಳೆ!" ಎಂದುಬಿಟ್ಟಳು. ಮೇಡಂ ಬರಿದಾದ ಮರದ ಮೈಯನ್ನೊಮ್ಮೆ, ರವಿಕೆಯನ್ನೊಮ್ಮೆ ನೋಡಿ ನಕ್ಕುಬಿಟ್ಟರು.

ರಾಧಾಮಣಿ ನೇರವಾಗಿ ಅವನ ಮುಂದೆ ಬಂದು ನಿಂತಳು.

"ನಾನು ಬೈದಿದ್ದು ತಪ್ಪಾಯ್ತು."

"ನೀವೇನ್ ಬೈದ್ರಿ? ನಂಗೆ ನೆಪ್ಪಿಲ್ಲ."

"ಸುಳ್ಳು."

"ಊಂ... ಸುಳ್ಳೇ. ಮೂರು ದಿನ ಊಟ ಸೇರ್ಲಿಲ್ಲ."

ಅವಳ ಕಣ್ಣು ತುಂಬಿತು. ನಗುವೂ ಬಂತು. "ಸರಿಯಾಗಿ ಕೂತಿದ್ಯಾ ನೋಡಿ ಹೇಳಿ."

"ನೋಡ್ಬೋದಾ? ಬೈಯಕಿಲ್ವಲ್ಲ?"

"ಇವತ್ತು ಬೈಯೋಲ್ಲ."

ಅವನು ನೋಡಿದ. ಭುಜವನ್ನಲ್ಲ, ಬುಗ್ಗೆಯನ್ನಲ್ಲ. ಅವಳ ಕಣ್ಣುಗಳನ್ನೇ ನೋಡಿದ.

"ಮರಕ್ಕೆ ಎಷ್ಟ್ ಉಜ್ಜಿದ್ರೂ ಇದು ಬರ್ಲಿಲ್ಲ ರಾಧಾಮಣಿಯವ್ರೆ..."

"ಬರೀ ರಾಧಿ ಅನ್ನಿ."

"ಎಲ್ರ ಮುಂದೆನಾ?"

"ಎಲ್ಲರ ಮುಂದೆನೇ."

"ರಾಧಿ... ನನ್ ಜೊತೆ ಬತ್ತೀಯಾ?"

"ನೀವು ನಮ್ಮ ಮನೆಗೆ ಬರ್ತೀರ ಅಂತ ಮಾತಾಗಿದೆಯಂತಲ್ಲ?" ಎಂದು ಅವಳು ಸೆರಗಿನ ತುದಿ ಹಿಡಿದುಕೊಂಡಳು. "ಬನ್ನಿ. ಇನ್ನು ಉಪ್ಪು ಸರಿಯಾಗಿ ಹಾಕ್ತೀನಿ."

ಪುಟ್ಟಲಕ್ಷ್ಮಮ್ಮ ಎದುರಿಗೇ ನಿಂತು ನೋಡುತ್ತಿದ್ದಳು.

ಸಂಗಮದಲ್ಲಿ ಅತ್ತೆಗೆ ಕೊಟ್ಟಿದ್ದ ಮಾತನ್ನು ರಾಧಾಮಣಿ ಮುರಿದಳು.